ಬೆಳಕಿನ ಕೈಯಲ್ಲಿ ಹಾಡು ಕಳಿಸಿದ ಮಾಸ್ತರ್ರು

ಅವರ ಎಡಹುಬ್ಬು ಅರ್ಧಕ್ಕೇ ಮುಗಿದಿತ್ತು. ನೌಕರಿಗೆ ಸೇರಿದ ಹೊಸತರಲ್ಲಿ, ನಾರಾಯಣಪುರದ ಕಡೆ ಇದ್ದಾಗ, ಸ್ಪಿರಿಟ್ ದೀಪವೊಂದು ಭಗ್ಗೆಂದು ಮೇಲೆದ್ದು ಉಳಿದರ್ಧವನ್ನು ಸುಟ್ಟಿತ್ತಂತೆ. ಅದು ಮತ್ತೆ ಬೆಳೆಯಲಿಲ್ಲ. ಹಾಗಾಗಿ ನಮ್ಮ ವಿಜ್ಞಾನದ ಮಾಸ್ತರ್ರಿಗೆ ಆಶ್ಚರ್ಯವಾದರೆ ಮುಖದ ಬಲಭಾಗಕ್ಕೆ ಮಾತ್ರ ಆಗುತ್ತಿತ್ತು. ಎಡಭಾಗ ಎಲ್ಲ ಮೊದಲೇ ಗೊತ್ತಿದ್ದವರಂತೆ ಸುಮ್ಮನಿರುತ್ತಿತ್ತು.

ಶಹಾಪುರದ ಹತ್ತಿರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗುಮಾಸ್ತೆ. ಅವರು ದಿನಾ ಶಿರವಾಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಲ್ಲರ ಜೇಬಿನಲ್ಲಿ ಪೆನ್ನಿದ್ದರೆ ಅವರ ಜೇಬಿನಲ್ಲಿ ಟೆಸ್ಟರ್. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರಕ್ಕಿಂತ ಮೊದಲು, “ಸತ್ತ ಬಲ್ಬ್ ಅದಾವೇನ್ರಿ?” ಎಂದು ಕೇಳುತ್ತಿದ್ದರು. ಹೊಸಬರು ಗುಜರಿಯವನೆಂದು ತಿಳಿದು ಹಳೆಯ ತಗಡನ್ನೂ ತಂದು ಮುಂದಿಡುತ್ತಿದ್ದರು. ಎಲ್‌ಇಡಿ ಬಲ್ಬಿನ ಬಿಳಿ ಟೋಪಿ ಬಿಚ್ಚಿ, ಒಳಗಿನ ಹಳದಿ ಚುಕ್ಕೆಗಳಲ್ಲಿ ಕಪ್ಪಗೆ ಸುಟ್ಟ ಒಂದನ್ನು ಹುಡುಕಿ, ಅದರ ಮೇಲೆ ಸಣ್ಣ ತಂತಿಯ ಸೇತುವೆ ಹಾಕಿದರೆ ಬಲ್ಬು ಎದ್ದು ಕೂರುತ್ತಿತ್ತು.

“ನೋಡ್ರಿ ಅಕ್ಕೋರ, ಹತ್ತು ಮಂದ್ಯಾಗ ಒಬ್ಬಾಂವ ಬರಲಿಲ್ಲಂದ್ರ ಹತ್ತೂ ಮಂದಿ ಕೆಲಸ ಬಿಡ್ತಾರ. ನಮ್ಮ ಸ್ಟಾಫ್‌ರೂಮ್ ಇದ್ದಂಗ.”

ಈ ಮಾತನ್ನು ಅವರು ಸ್ಟಾಫ್‌ರೂಮಿನಲ್ಲೇ ಕೂತು, ಬಶಿಯಲ್ಲಿ ಚಹಾ ಸುರುವಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

ಅವರಿಗೆ ಆಸೆ ಎಂಬುದು ಒಂದೇ: ವರಾಂಡದ ತುದಿಯ ಖೋಲಿ. ಮೂವತ್ತು ವರ್ಷಗಳ ನೌಕರಿಯಲ್ಲಿ ಎಲ್ಲಿಯೂ ಅವರಿಗೆ ಪ್ರಯೋಗಕ್ಕೊಂದು ಕೋಣೆ ಸಿಕ್ಕಿರಲಿಲ್ಲ. ಸಾಮಾನೆಲ್ಲ ಒಂದು ತಗಡಿನ ಟ್ರಂಕಿನಲ್ಲಿ. ಅದನ್ನು ಹೊತ್ತು ತರಗತಿಯಿಂದ ತರಗತಿಗೆ ಓಡಾಡಿ, ಮೇಜಿನ ಮೇಲೆ ಎತ್ತಿ ತೋರಿಸುವುದು. ಮುಟ್ಟಲು ಕೊಟ್ಟರೆ ಮುಂದಿನ ಬೆಂಚು ದಾಟುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯರಿಗೆ ಕಾಂತವೂ ಒಂದೇ, ಸಾಬೂನೂ ಒಂದೇ.

ಆದರೆ ಆ ಖೋಲಿಯಲ್ಲಿ ಬಿಸಿಯೂಟದ ಅಕ್ಕಿಚೀಲಗಳು ಕೂತಿದ್ದವು. ಪ್ರತಿ ಜೂನ್‌ನಲ್ಲಿ ಮಾಸ್ತರ್ರು ಅರ್ಜಿ ಬರೆಯುವರು. ಸುರಪುರದ ಕಡೆಯವರಾದ ನಮ್ಮ ಹೆಡ್‌ಮಾಸ್ತರ್ರು ಪ್ರತಿ ಜೂನ್‌ನಲ್ಲಿ ಒಂದೇ ಉತ್ತರ ಕೊಡುವರು: “ಅಕ್ಕಿ ಎಲ್ಲಿ ಇಡ್ಲಿ ಮಾಸ್ತರ, ನಿಮ್ಮ ಟ್ರಂಕಿನ್ಯಾಗ?” ಅರ್ಜಿಯನ್ನು ಫೈಲಿಗೆ ಸೇರಿಸುವವಳು ನಾನು.

ಅವರ ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಇತ್ತು. ಒಂದು ಮಧ್ಯಾಹ್ನ ರೊಟ್ಟಿ ಸುತ್ತಿ ತಂದ ಪೇಪರನ್ನು ಬಿಚ್ಚಿದವರು ರೊಟ್ಟಿ ಬಿಟ್ಟು ಪೇಪರು ಓದುತ್ತ ಕೂತರು. ಪುಂಡಿಪಲ್ಲೆಯ ಎಣ್ಣೆ ಹತ್ತಿದ ಆ ಸುದ್ದಿಯಲ್ಲಿ, ಎಲ್‌ಇಡಿ ಬೆಳಕಿನ ಮೂಲಕವೇ ಇಂಟರ್ನೆಟ್ ಕಳಿಸಬಹುದು ಎಂದಿತ್ತು.

“ಬಲ್ಬ್ ಕಣ್ಣ್ ಹೊಡಿತದ್ರಿ ಅಕ್ಕೋರ,” ಎಂದರು ನನ್ನ ಮೇಜಿಗೆ ಬಂದು.

“ಸರ್, ರಿಟೈರ್ ಆಗೂ ಹೊತ್ತಿಗೆ ಇವೆಲ್ಲ ಬ್ಯಾಡ್ರಿ.”

“ಖರೇನ ಹೇಳಾಕತ್ತೇನಿ! ನಾವು ಒಮ್ಮಿ ರೆಪ್ಪಿ ಬಡಿಯೂದ್ರಾಗ ಅದು ಲಕ್ಷ ಸಲ ಹತ್ತಿ ಆರಿರ್ತದ. ನಮ್ಮ ಕಣ್ಣು ಸೋಮಾರಿ, ಅದಕ್ಕ ಒಂದೇ ಸಮ ಹತ್ತಿದಂಗ ಕಾಣ್ತದ. ಯಂತ್ರದ ಕಣ್ಣು ಮಾತ್ರ ಒಂದೊಂದೂ ಹಿಡಿತದ. ಹತ್ತಿದ್ದು ಒಂದಕ್ಷರ, ಆರಿದ್ದು ಒಂದಕ್ಷರ. ಹಂಗ ಓದಕೋತ ಹೋದ್ರ ಪತ್ರ, ಫೋಟೋ, ಸಿನಿಮಾ, ಎಲ್ಲಾ ಬರ್ತಾವ.”

ಮರುದಿನದಿಂದ ಸ್ಟಾಫ್‌ರೂಮಿನ ಮೂಲೆಯಲ್ಲಿ ಕೆಲಸ ಶುರು. ಮೊಬೈಲಿನಿಂದ ತಂತಿ ಎಳೆದು ಒಂದು ಡಬ್ಬಿಗೆ, ಡಬ್ಬಿಯಿಂದ ಬಲ್ಬಿಗೆ. ನಾಲ್ಕು ಮೊಳ ಆಚೆ, ಕೆಟ್ಟ ಸೋಲಾರ್ ಲಾಟೀನಿನಿಂದ ಕಿತ್ತ ಫಲಕ, ಅದರ ಬೆನ್ನಿಗೆ ಸ್ಪೀಕರು. ಮೊಬೈಲಿನ ಹಾಡಿನ ಏರಿಳಿತ ಬೆಳಕಿನ ಏರಿಳಿತವಾಗಬೇಕು, ಫಲಕ ಅದನ್ನು ಹಿಡಿದು ಮತ್ತೆ ಹಾಡು ಮಾಡಬೇಕು. “ಇದರಾಗ ಇಂಟರ್ನೆಟ್ ಎಲ್ಲೈತ್ರಿ?” ಎಂದು ಕನ್ನಡದ ಟೀಚರು ಕೆಣಕಿದರೆ, “ಅವರದು ಕಾಲೇಜಿಗೆ ಹೋಗ್ಯದ, ನಂದಿನ್ನಾ ಅಂಗನವಾಡ್ಯಾಗ ಅದ. ಕೂಸು ಮೊದಲ ಅಳಾಕರ ಕಲೀಲಿ ತಡೀರಿ,” ಎನ್ನುತ್ತಿದ್ದರು.

ಕೂಸು ಎರಡು ವಾರ ಬರೀ ‘ಗುಂಯ್’ ಅಂದಿತು. ತಪ್ಪು ಮೇಲಿನ ಟ್ಯೂಬ್‌ಲೈಟಿನದು: ಅದೂ ಮಿಣುಕುತ್ತ ತನ್ನ ಗೋಳನ್ನು ಫಲಕಕ್ಕೆ ಹೇಳಿಕೊಳ್ಳುತ್ತಿತ್ತು. ಅದನ್ನು ಆರಿಸಿ ಕಿಟಕಿ ಮುಚ್ಚಿದ ದಿನ ಸ್ಪೀಕರಿನಿಂದ, ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಬೀಸುವ ಕಲ್ಲಿನ ಪದ ಸ್ವಚ್ಛವಾಗಿ ಹೊರಬಂತು. ಮಾಸ್ತರ್ರ ಬಲಹುಬ್ಬು ತಲೆಗೂದಲ ತನಕ ಏರಿತು.

ಅದನ್ನು ಕೇಳಿ ಹೆಡ್‌ಮಾಸ್ತರ್ರು ಮೊದಲ ಸಲ ಉತ್ತರ ಬದಲಿಸಿದರು. “ಪಾಲಕರ ಸಭಾದ ದಿನ ಯಾದಗಿರಿಯಿಂದ ಶಿಕ್ಷಣ ಇಲಾಖಿ ಸಾಹೇಬ್ರು ಬರಾಕತ್ತಾರ. ಅವರ ಮುಂದ ಹಾಡಸ್ರಿ. ಹಾಡಿದ್ರ ಖೋಲಿ ನಿಮ್ದು. ಇಲ್ಲಂದ್ರ ಅಕ್ಕೀದು. ಮತ್ತ ಅರ್ಜಿ ಗಿರ್ಜಿ ಬರೀಬಾರ್ದು.”

ಆ ವಾರ ಮಾಸ್ತರ್ರು ಊಟ ಮರೆತರು. ಆ ಖೋಲಿಯಲ್ಲೇ ಹಾಡಿಸುವುದೆಂದು ಅಕ್ಕಿಚೀಲಗಳನ್ನು ಒಂದು ಗೋಡೆಗೆ ಒಟ್ಟಿಸಿ, ಖಾಲಿ ಗೋಣಿಗಳನ್ನು ಕಿಟಕಿಗೆ ಕಟ್ಟಿಸಿದರು. ಕರೆಂಟು ಹೋದರೆ ಬ್ಯಾಟರಿ. ಬ್ಯಾಟರಿ ಕೈಕೊಟ್ಟರೆ ಇನ್ನೊಂದು ಬ್ಯಾಟರಿ. ಫಲಕದ ಮೇಲೆ ನೊಣ ಕೂತರೆ ಹೊಡೆಯಲು ರಟ್ಟಿನ ಬೀಸಣಿಗೆ. ಏನೇನು ಕೆಡಬಹುದೆಂದು ಬರೆದ ಪಟ್ಟಿಯನ್ನು ನನಗೂ ತೋರಿಸಿದರು. ನಾನೂ ಓದಿ ತಲೆಯಾಡಿಸಿದೆ. ನಮ್ಮ ಕಡೆ ಹುಟ್ಟಿ ಬೆಳೆದ ನಮ್ಮಿಬ್ಬರಿಗೂ ಆ ಒಂದು ಸಂಗತಿ ಹೊಳೆಯಲಿಲ್ಲ.

ಸಭೆಯ ದಿನ ಬಂದವರಲ್ಲಿ ಹೆಚ್ಚಿನವರು ತಾಯಂದಿರು, ಅಜ್ಜಿಯರು. ಎಲ್ಲರೂ ಜಮಖಾನದ ಮೇಲೆ ಕೂತರು. ಸಾಹೇಬರು ಕುರ್ಚಿಯಲ್ಲಿ. ಬಾಗಿಲು ಎಳೆದರು, ಖೋಲಿ ಗವ್ವೆಂದಿತು. ಮಾಸ್ತರ್ರು ಸ್ವಿಚ್ಚು ಒತ್ತಿದರು, ಬಲ್ಬು ಹತ್ತಿತು.

ಕತ್ತಲಲ್ಲಿ ಬೆಳಕು ಹತ್ತಿದರೆ ನಮ್ಮ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಎಣ್ಣೆ ದೀಪವಾಗಲಿ ಕರೆಂಟಿನ ಬಲ್ಬಾಗಲಿ, ಕೈ ಮುಗಿಯುತ್ತಾರೆ. ಜಮಖಾನವಿಡೀ ಎದ್ದು ನಿಂತು ಕೈ ಮುಗಿಯಿತು. ಮುಂದಿನ ಸಾಲಿನ ಅಜ್ಜಿ ಅಷ್ಟಕ್ಕೇ ಬಿಡದೆ ನೇರ ಬಲ್ಬಿನ ಹತ್ತಿರ ನಡೆದು, ಎರಡೂ ಅಂಗೈ ಬೆಳಕಿಗೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆಗಷ್ಟೇ ಎರಡು ಮಾತು ಹಾಡಿದ್ದ ಸ್ಪೀಕರು ಗಪ್ಪಾಯಿತು. ಆರತಿಯ ಪಾಳಿ ಎಂದುಕೊಂಡು ಅಜ್ಜಿಯ ಹಿಂದೆ ಹತ್ತು ಹನ್ನೆರಡು ಮಂದಿ ಸಾಲುಗಟ್ಟಿದರು.

“ಏ ಯವ್ವಾ, ಸರೀರಿ! ಕೂಡ್ರಿ!” ಹೆಡ್‌ಮಾಸ್ತರ್ರು ಕೂಗಿದರು.

ಅಜ್ಜಿ ಸರಿದಳು. ಹಾಡು ಬಂತು. “ಅಯ್ಯ, ನಮ್ಮ ಮೊಮ್ಮಗಳ ದನಿ!” ಎಂದು ಅವಳು ಮತ್ತೆ ಬಲ್ಬಿಗೆ ಬಂದು ಬಗ್ಗಿದಳು. ಹಾಡು ಹೋಯಿತು.

ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. “ಬ್ಲೂಟೂತ್ ಅದಲ್ರಿ ಇದು? ನಮ್ಮ ಮನ್ಯಾಗೂ ಅದ. ನಿಮ್ದು ಕಟ್ ಆಗಾಕತ್ತದ, ನಮ್ದು ಆಗಂಗಿಲ್ಲ.”

“ಬ್ಲೂಟೂತ್ ಅಲ್ರಿ ಸಾಹೇಬ್ರ, ಬೆಳಕಿನ ಮ್ಯಾಲೇ...” ಮಾಸ್ತರ್ರು ಬಲ್ಬಿನತ್ತ ಬೊಟ್ಟು ಮಾಡಲು ಹೋದರು. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ಮಿಕ್ಕ ಬ್ಯಾಟರಿ. ಎರಡೂ ಬೇಕಾಗಿರಲಿಲ್ಲ. ಹೆಡ್‌ಮಾಸ್ತರ್ರು ಆಗಲೇ ಅಕ್ಕಿಚೀಲಗಳತ್ತ ನೋಡುತ್ತಿದ್ದರು.

ಆಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಸಾಹೇಬರತ್ತ ತಿರುಗಿದಳು. “ಏ ಎಪ್ಪಾ, ಕಣ್ಣು ಅದಾವಿಲ್ಲೋ ನಿನಗ? ನಾ ಅಡ್ಡ ನಿಂತ್ರ ಹುಡುಗಿ ಬಾಯಿ ಮುಚ್ತಾಳ. ನಾ ಸರದ್ರ ಹಾಡ್ತಾಳ. ಹಾಡು ಈ ಬೆಳಕಿನ್ಯಾಗ ಬರಾಕತ್ತದ. ಇಷ್ಟು ತಿಳ್ಕೊಳ್ಳಾಕ ನಿನಗ ಸಾಲಿ ಬೇಕೇನು?”

ಮಾಸ್ತರ್ರು ಬೀಸಣಿಗೆ ಕೆಳಗಿಟ್ಟರು. “ಅವ್ವಾ,” ಎಂದರು, “ಇನ್ನೊಮ್ಮಿ ಕೈ ಮುಗೀರಿ.”

ಅಜ್ಜಿ ಬಲ್ಬಿಗೆ ಅಡ್ಡ ನಿಂತು ಕೈ ಮುಗಿದಳು, ಹಾಡು ನಿಂತಿತು. ಸರಿದಳು, ಬಂತು. ಸಾಹೇಬರು ತಾವೇ ಬಂದು ಕೈಲಿದ್ದ ಫೈಲನ್ನು ಅಡ್ಡ ಹಿಡಿದರು. ತೆಗೆದರು. ಮತ್ತೆ ಹಿಡಿದರು. ಬ್ಲೂಟೂತು ಫೈಲಿಗೆ ಹೆದರುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಆಮೇಲೆ ಒಬ್ಬೊಬ್ಬರೂ ಸೆರಗು, ಚೀಲ, ಚಪ್ಪಲಿ ಅಡ್ಡ ಹಿಡಿದು ನೋಡಿದರು. ಆ ಹುಡುಗಿ ಅವತ್ತು ಹಾಡಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು. ಸಾಹೇಬರು ಹೋಗುವಾಗ ಹೆಡ್‌ಮಾಸ್ತರ್ರಿಗೆ, “ಅಕ್ಕಿಗೆ ಬ್ಯಾರೆ ಜಾಗಾ ನೋಡ್ರಿ,” ಎಂದರು.

ಮುಂದಿನ ವಾರ ಅಕ್ಕಿಚೀಲಗಳು ಹೆಡ್‌ಮಾಸ್ತರ್ರ ಕೋಣೆಗೇ ಬಂದವು. ಇಲಿಗಳೂ ಹಿಂದೆಯೇ ಬಂದವು. ವಿಜ್ಞಾನದ ಖೋಲಿಯ ಕೀಲಿಕೈ ನನ್ನ ವಶಕ್ಕೆ ಬಂತು. ಮಾಸ್ತರ್ರು ಕೈಗೆ ಕೊಡುತ್ತ ಒಂದೇ ಮಾತು ಹೇಳಿದ್ದರು: “ಕೀಲಿ ತಗಿಯೂದು ಲಗೂನ ತಗೀರಿ ಅಕ್ಕೋರ. ಹಾಕೂದು ಸಾವಕಾಶ ಹಾಕ್ರಿ.” ಅಲ್ಲಿ ಅವರು ಒಂದೇ ವರ್ಷ ಪಾಠ ಮಾಡಿದರು. ಎಲ್ಲ ಹುಡುಗಿಯರ ಕೈಗೂ ಎಲ್ಲ ಸಾಮಾನೂ ಬಂದ ವರ್ಷ ಅದು. ಆರು ಒಡೆದವು. ಒಡೆದದ್ದನ್ನು ಅವರು ಹಬ್ಬದ ಸುದ್ದಿಯಂತೆ ಬಂದು ನನಗೆ ಹೇಳುತ್ತಿದ್ದರು. ಸತ್ತ ಬಲ್ಬನ್ನು ಬಿಚ್ಚಿ ಎಬ್ಬಿಸುವುದನ್ನು ನನಗೂ ಕಲಿಸಿದರು. ನಮ್ಮ ಮನೆಯಲ್ಲಿ ಈಗ ಅದು ನನ್ನದೇ ಕೆಲಸ.

ನಿವೃತ್ತರಾದ ಎರಡನೆಯ ವರ್ಷ, ಒಂದು ಬೆಳಗ್ಗೆ ಶಿರವಾಳದಿಂದ ಫೋನು ಬಂತು. ಮಲಗಿದಲ್ಲೇ ಹೋಗಿದ್ದರು. ಹೆಡ್‌ಮಾಸ್ತರ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಹೊರಬಂದು, “ಮಣ್ಣಿಗೆ ಹೋಗಿ ಬರೂಣು. ಗೌರವಕ್ಕಂತ ಇವತ್ತೊಂದಿನ ಅವರ ಖೋಲಿಗೆ ಕೀಲಿ ಹಾಕ್ರಿ ಅಕ್ಕೋರ,” ಎಂದರು.

ವರಾಂಡದ ತುದಿಯಿಂದ ಹುಡುಗಿಯರ ಗದ್ದಲ ಕೇಳುತ್ತಿತ್ತು. ಏನೋ ಠಣ್ಣೆಂದು ಬಿತ್ತು, ಯಾರೋ ಬೈದರು, ಎಲ್ಲರೂ ನಕ್ಕರು.

“ಕೀಲಿ ಸಿಗವಲ್ದರಿ ಸರ್,” ಎಂದೆ.

ಹೆಡ್‌ಮಾಸ್ತರ್ರು ನನ್ನ ಮುಷ್ಟಿಯತ್ತ ನೋಡಿದರು. ಕೀಲಿಯ ದಾರ ಬೆರಳ ಸಂದಿಯಿಂದ ಹೊರಗೆ ಜೋತಾಡುತ್ತಿತ್ತು.

“ಸಿಕ್ಕಾಗ ಹಾಕ್ರಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು.