ಚರಂಡಿಗೆ ಚೆಲ್ಲಿದ್ದು

ಸತ್ತವರ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಬದುಕಿದ್ದಾಗ ಈ ಮಹಾರಾಯ ಎಷ್ಟು ಸಲ ಬಂದು ಮಾತಾಡಿಸಿದ್ದ ಎಂದು ಕೇಳಬೇಕೆನ್ನಿಸುತ್ತದೆ. ನಮ್ಮ ಬೀದಿಯ ಪಬ್ಬು ಮುಚ್ಚುತ್ತದೆ ಎಂಬ ಸುದ್ದಿ ಬಂದಾಗ ಬೀದಿಗೆ ಬೀದಿಯೇ ಅತ್ತಿತು. ನಾನು ಆ ಪಬ್ಬಿನ ಎದುರಿಗೇ ಇಪ್ಪತ್ತಾರು ವರ್ಷದಿಂದ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತವನು. ತಲೆ ಎತ್ತಿದರೆ ಕಾಣುವುದು ಅದರ ಬಾಗಿಲೊಂದೇ. ಯಾರು ಒಳಗೆ ಹೋದರು, ಯಾರು ಹೋಗಲಿಲ್ಲ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಬಿಯರಿನ ಉಸ್ತುವಾರಿ ನನ್ನ ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಬೀದಿಯವರು ಅವರನ್ನು ಪೀಪಾಯಿ ಎನ್ನುತ್ತಿದ್ದರು. ಆಳು ನೋಡಿದರೆ ಕಡ್ಡಿ. ನಾನು ಅಳತೆ ತೆಗೆದು ಹೊಲಿದ ಪ್ಯಾಂಟೇ ವರ್ಷ ತುಂಬುವುದರೊಳಗೆ ಸೊಂಟದಲ್ಲಿ ಸಡಿಲವಾಗಿ ಮತ್ತೆ ನನ್ನ ಅಂಗಡಿಗೆ ಬರುತ್ತಿತ್ತು. ಹೆಸರು ಬಂದದ್ದು ನೆಲಮಾಳಿಗೆಯಲ್ಲಿ ಅವರು ಸಾಕುತ್ತಿದ್ದ ಪೀಪಾಯಿಗಳಿಂದ. ಸಾಕುತ್ತಿದ್ದ ಎಂದೇ ಹೇಳಬೇಕು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬೆಳಿಗ್ಗೆ ಏಳಕ್ಕೆ ಆ ತಂಪಿನೊಳಗೆ ಇಳಿದರೆ ಒಂಬತ್ತಕ್ಕೆ ಮೇಲೆ ಬರುತ್ತಿದ್ದರು. ಅವರಿಬ್ಬರ ಸಂಸಾರ ಪಬ್ಬಿನ ಮಹಡಿಯ ಎರಡು ಕೋಣೆಗಳಲ್ಲಿ. ಕೆಲಸ ಇರುವಷ್ಟು ದಿನ ಮನೆ.

ಮದುವೆಯಾದ ಹೊಸತರಲ್ಲಿ ಅಕ್ಕ ನನ್ನ ಹತ್ತಿರ ಬಂದು, "ಎದ್ದ ತಕ್ಷಣ ನನ್ನ ಮುಖ ನೋಡಲ್ಲ ಕಣೋ, ಆ ಪೀಪಾಯಿಗಳನ್ನ ನೋಡ್ಕೊಂಡು ಬರ್ತಾರೆ. ಸವತಿ ಅಂತ ಒಬ್ಬಳು ಇದ್ದಿದ್ರೆ ಜುಟ್ಟು ಹಿಡಿದು ಜಗಳನಾದ್ರೂ ಆಡ್ಬಹುದಿತ್ತು," ಎಂದಿದ್ದಳು.

ಭಾವನ ಶಿಸ್ತು ಹೀಗಿತ್ತು. ಲಾರಿಯಿಂದ ಇಳಿದ ಪೀಪಾಯಿಯನ್ನು ಎರಡು ದಿನ ಯಾರೂ ಮುಟ್ಟುವ ಹಾಗಿಲ್ಲ. ಗಷ್ಟು ತಳಕ್ಕೆ ಕೂರಬೇಕು, ಮೇಲಿನದು ತಿಳಿಯಾಗಬೇಕು. ಆಮೇಲೆ ನಲ್ಲಿ ಬಿಗಿದು, ಮೊದಲ ಲೋಟವನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ಗುಟುಕು ಬಾಯಿಗೆ ಹಾಕಿ ಉಗುಳುವುದು. ನುಂಗುವುದಿಲ್ಲ; ಅವರು ಕುಡಿಯುವವರೇ ಅಲ್ಲ. ನಲ್ಲಿ ಬಿಗಿದ ಬಿಯರಿಗೆ ಮೂರು ದಿನ ಆಯಸ್ಸು. ನಾಲ್ಕನೆಯ ದಿನ ಬೆಳಿಗ್ಗೆ ಎಷ್ಟೇ ಉಳಿದಿರಲಿ, ಚರಂಡಿಗೆ. "ಹುಳಿ ಬಂದಿರೋದು ಎಲ್ಲರಿಗೂ ಗೊತ್ತಾಗಲ್ಲ ಭಾವ, ಇನ್ನೊಂದು ದಿನ ನಡೆಯುತ್ತೆ," ಎಂದು ನಾನೊಮ್ಮೆ ಬುದ್ಧಿ ಹೇಳಲು ಹೋಗಿದ್ದೆ. "ಒಬ್ಬನಿಗೆ ಗೊತ್ತಾದ್ರೆ ಸಾಕಲ್ವೇನೋ?" ಎಂದರು. ಪಬ್ಬಿನ ಹಿರಿಯ ಮಾಲೀಕರು ಬದುಕಿರುವತನಕ ಇದಕ್ಕೆ ಎದುರು ಮಾತಿರಲಿಲ್ಲ. ಚೆಲ್ಲುವಾಗ ನನ್ನನ್ನು ಕೇಳಬೇಡ ಎಂದೇ ಹೇಳಿಟ್ಟಿದ್ದರು. ಮೂವತ್ತನಾಲ್ಕು ವರ್ಷ ಭಾವ ಹೀಗೇ ನಡೆದುಕೊಂಡರು.

ಜನ ಕಡಿಮೆಯಾದದ್ದು ರಾತ್ರಿ ಬೆಳಗಾಗುವುದರೊಳಗೆ ಅಲ್ಲ. ಬೀದಿಯ ತಿರುವಿನಲ್ಲಿ ದೊಡ್ಡ ಅಂಗಡಿ ಬಂತು, ಅಲ್ಲಿ ಡಬ್ಬಿ ಬಿಯರು ಅಗ್ಗಕ್ಕೆ ಸಿಕ್ಕಿತು. ಗಂಡಸರು ಸೋಫಾದ ಮೇಲೆ ಕಾಲು ಚಾಚಿಕೊಂಡು ಟಿವಿ ಮುಂದೆ ಕುಡಿಯುವುದನ್ನು ಕಲಿತರು. ಕೊನೆಕೊನೆಗೆ ಪಬ್ಬಿಗೆ ದಿನವೂ ಬರುತ್ತಿದ್ದವರು ಹನ್ನೊಂದು ಜನ. ಅದರಲ್ಲಿ ಇಬ್ಬರಿಗೆ ಡಾಕ್ಟರು ಬೇಡವೆಂದಿದ್ದರಿಂದ ಅವರು ಸೋಡಾ ಕುಡಿದು ಇಸ್ಪೀಟು ಆಡಿ ಹೋಗುತ್ತಿದ್ದರು. ಆಟಕ್ಕುಂಟು ಲೆಕ್ಕಕ್ಕಿಲ್ಲ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗುತ್ತದೆ. ಮೂರು ವರ್ಷದಿಂದ ನಾನೂ ಡಬ್ಬಿಯನ್ನೇ ಕುಡಿಯುತ್ತಿದ್ದೆ. ಸಂಜೆ ಅಂಗಡಿ ಮುಚ್ಚಿ, ಚೀಲದಲ್ಲಿ ಗಿರಾಕಿಗಳ ಬಟ್ಟೆಯ ಕೆಳಗೆ ನಾಲ್ಕು ಡಬ್ಬಿ ಅಡಗಿಸಿಕೊಂಡು ಪಬ್ಬಿನ ಮುಂದೆಯೇ ನಡೆದು ಹೋಗುತ್ತಿದ್ದೆ. ಭಾವ ಬಾಗಿಲಲ್ಲಿ ನಿಂತು ಕೈ ಎತ್ತಿದರೆ ನಾನೂ ಎತ್ತುತ್ತಿದ್ದೆ. ಥೂ, ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ.

ಹಿರಿಯ ಮಾಲೀಕರು ತೀರಿಕೊಂಡರು, ಪಬ್ಬು ಮಗನ ಕೈಗೆ ಬಂತು. ಅವನು ವರ್ಷ ಕಾಯಲಿಲ್ಲ. ಕಟ್ಟಡ ಕೆಡವಿ ಫ್ಲ್ಯಾಟು ಕಟ್ಟುವವರಿಗೆ ಮಾತು ಕೊಟ್ಟ. ಆದರೆ ನಗರಸಭೆಯದೊಂದು ನಿಯಮವಿತ್ತು. ಇದು ಸುತ್ತಲಿನ ಜನ ನಿಜವಾಗಿ ಬಳಸುವ ಜಾಗ ಎಂದು ತೋರಿಸಿಕೊಟ್ಟರೆ ಐದು ವರ್ಷ ಅದನ್ನು ಕೆಡವುವ ಹಾಗಿಲ್ಲ, ಪಬ್ಬಾಗಿಯೇ ನಡೆಸಬೇಕು. ಭಾವನ ಕೆಲಸ, ಅಕ್ಕನ ಎರಡು ಕೋಣೆ, ಎಲ್ಲವೂ ಆ ಒಂದು ನಿಯಮಕ್ಕೆ ನೇತುಬಿದ್ದವು.

ರಿಟೈರಾದ ಮೇಷ್ಟ್ರೊಬ್ಬರು ಮುಂದೆ ನಿಂತು ಸಹಿ ಸಂಗ್ರಹಕ್ಕೆ ಹೊರಟರು. ವಾರದಲ್ಲಿ ನಾನೂರ ಹನ್ನೆರಡು ಸಹಿ! ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬೇಕರಿಯ ಹೆಂಗಸು ಒಂದು ದಿನ ಒಳಗೆ ಕಾಲಿಟ್ಟವಳಲ್ಲ. ಅದಿಲ್ಲದಿದ್ದರೆ ಬೀದಿಗೆ ಕಳೆಯೇ ಇಲ್ಲ ಎಂದು ಕಣ್ಣೊರೆಸಿಕೊಂಡಳು. ಬ್ಯಾಂಕಿನವನೊಬ್ಬ ನನ್ನ ಅಂಗಡಿಯಲ್ಲೇ ನಿಂತು, "ನಮ್ಮ ಬಾಲ್ಯ ಎಲ್ಲ ಅಲ್ಲೇ ಕಳೀತು," ಎಂದ. ಬಾಲ್ಯದಲ್ಲಿ ಇವನನ್ನು ಪಬ್ಬಿನೊಳಗೆ ಯಾವ ಪುಣ್ಯಾತ್ಮ ಬಿಟ್ಟುಕೊಂಡನೋ! ಪೆನ್ನು ಎತ್ತಿದ ಕೈ ಒಂದೊಂದು ಲೋಟ ಎತ್ತಿದ್ದರೆ ಸಹಿಯೇ ಬೇಕಾಗಿರಲಿಲ್ಲ. ನಾನೂ ಸಹಿ ಹಾಕಿದೆ, ದೊಡ್ಡದಾಗಿ, ಎಲ್ಲರಿಗೂ ಕಾಣುವ ಹಾಗೆ.

ವಿಚಾರಣೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ನಗರಸಭೆಯ ಮೇಲಿನ ಹಾಲಿನಲ್ಲಿ. ನೂರು ಕುರ್ಚಿ ಹಾಕಿದ್ದರು. ಬಂದವರು ಮೇಷ್ಟ್ರು, ಭಾವ, ಅಕ್ಕ, ನಾನು, ಇಸ್ಪೀಟಿನ ಇಬ್ಬರು. ಮಿಕ್ಕವರಿಗೆ ಕೆಲಸವಿತ್ತಂತೆ. ಬೇಕರಿಯವಳಿಗೆ ಮೊಣಕಾಲು ನೋವು. ಆ ಖಾಲಿ ಕುರ್ಚಿಗಳನ್ನು ನೋಡಿ ಎದ್ದು ಒಂದೊಂದನ್ನೂ ಒದೆಯಬೇಕೆನ್ನಿಸಿತು.

ಆದರೂ ಮೊದಮೊದಲು ಎಲ್ಲ ಸರಿಯಾಗಿಯೇ ಹೋಯಿತು. ಅಧಿಕಾರಿ, ಕನ್ನಡಕದ ಹೆಂಗಸು, ಸಹಿಗಳ ಕಟ್ಟನ್ನು ತಿರುವಿ ನೋಡಿ ತಲೆಯಾಡಿಸಿದರು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ಆಮೇಲೆ ಮಾಲೀಕನ ಮಗನ ವಕೀಲ ಎದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಭಾವನನ್ನು ಕರೆದು ನಿಲ್ಲಿಸಿಕೊಂಡ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಆ ಪಬ್ಬಲ್ಲಿ ಹಳಸಿದ ಬಿಯರ್ ಕೊಡ್ತಾರೆ ಅಂತ ಹೇಳ್ತಾರಲ್ಲ, ಅದಕ್ಕೇನಂತೀರಿ?"

ಭಾವನ ಕಿವಿ ಕೆಂಪಾಯಿತು. "ಯಾರ್ರೀ ಹೇಳಿದ್ದು? ಅವರನ್ನ ಕರೀರಿ ಇಲ್ಲಿ!"

"ಕೋಪ ಮಾಡ್ಕೋಬೇಡಿ. ಒಂದು ಪೀಪಾಯಿಗೆ ಎಪ್ಪತ್ತು ಲೋಟ ಬರುತ್ತೆ. ಅಷ್ಟನ್ನ ಎಷ್ಟು ದಿನ ಕೊಡ್ತೀರಿ?"

"ಮೂರೇ ದಿನ. ಮೂವತ್ತನಾಲ್ಕು ವರ್ಷದಲ್ಲಿ ನಾಲ್ಕನೇ ದಿನದ್ದು ಒಂದು ಲೋಟನೂ ಯಾರಿಗೂ ಕೊಟ್ಟಿಲ್ಲ. ಉಳಿದಿದ್ದು ಚರಂಡಿಗೆ ಚೆಲ್ತೀನಿ."

"ಓಹೋ! ಒಂದೆರಡು ಲೋಟ ಉಳೀಬಹುದು, ಅಲ್ವಾ?"

ಹೌದು ಎಂದುಬಿಡಿ ಭಾವ, ತಲೆಯಾಡಿಸಿ ಕೂತುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಒಂದೆರಡಾ?" ಭಾವ ಎದೆ ಮುಂದೆ ಮಾಡಿದರು. "ಅರ್ಧ ಪೀಪಾಯಿ ಚೆಲ್ಲಿದೀನಿ. ಈ ವರ್ಷ ಮುಕ್ಕಾಲೂ ಚೆಲ್ಲಿದೀನಿ. ವಾರಕ್ಕೆರಡು ಸಲ. ಬೇಕಾದ್ರೆ ನನ್ನ ಹೆಂಡತಿನ ಕೇಳಿ, ಅವಳೇ ಚರಂಡಿಗೆ ನೀರು ಹೊಡೆಯೋದು."

ವಕೀಲ ಇನ್ನೇನೂ ಕೇಳಲಿಲ್ಲ. ಥ್ಯಾಂಕ್ಸ್ ಎಂದು ಕೂತ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಬರೆದರು. ಮಾಲೀಕನ ಮಗ ನಗು ತಡೆಯಲು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಏನು ನಡೆಯಿತೆಂಬುದು ಆ ಹಾಲಿನಲ್ಲಿ ಭಾವನೊಬ್ಬರಿಗೆ ಮಾತ್ರ ಗೊತ್ತಾಗಲಿಲ್ಲ. ಬಂದು ನನ್ನ ಪಕ್ಕ ಕೂತು, "ಸರಿಯಾಗಿ ಕೊಟ್ಟೆ ಅಲ್ವೇನೋ ಅವನಿಗೆ?" ಎಂದರು.

ಮೆಟ್ಟಿಲಿಳಿಯುವಾಗ ಅಕ್ಕ ಬಿಡಿಸಿ ಹೇಳಿದಳು. ಜನ ಕುಡಿಯದೆ ಇದ್ದದ್ದರಿಂದ ತಾನೇ ಚೆಲ್ಲಿದ್ದು, ಅದನ್ನೇ ಅವರು ಬಾಯಿ ಬಿಡಿಸಿದರು, ಇನ್ನು ಆ ನಾನೂರು ಸಹಿಗೆ ಏನು ಬೆಲೆ ಎಂದು. "ಒಂದೆರಡು ಲೋಟ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ. ನನ್ನ ಕಾಲ ಮೇಲೂ ಹಾಕಿದ್ರಿ."

ಭಾವ ಕಂಬಿ ಹಿಡಿದು ನಿಂತುಬಿಟ್ಟರು. "ಹಾಗಂದಿದ್ರೆ, ಉಳಿದ ಹುಳಿ ಬಿಯರನ್ನೆಲ್ಲ ನಾನು ಜನಕ್ಕೆ ಕುಡಿಸಿದೆ ಅಂತಾಗ್ತಿತ್ತಲ್ಲ," ಎಂದರು.

ಹನ್ನೆರಡು ದಿನಕ್ಕೆ ನಗರಸಭೆಯ ಕಾಗದ ಬಂತು. ಸಾರ್ವಜನಿಕರ ನಿಜವಾದ ಬಳಕೆ ಕಂಡುಬಂದಿಲ್ಲ. ಅದರ ಹಿಂದೆಯೇ ಮಾಲೀಕನ ಮಗನ ನೋಟೀಸು: ತಿಂಗಳ ಕೊನೆಯ ಭಾನುವಾರ ಸಂಜೆ ಆರಕ್ಕೆ ಬಾಗಿಲು ಮುಚ್ಚುವುದು, ಆಮೇಲಿನ ವಾರದಲ್ಲಿ ಮಹಡಿಯ ಕೋಣೆ ಖಾಲಿ ಮಾಡುವುದು.

ಆ ಭಾನುವಾರದ ಅಸಹ್ಯವನ್ನು ಹೇಗೆ ಹೇಳಲಿ. ಮಧ್ಯಾಹ್ನ ಹನ್ನೆರಡಕ್ಕೇ ಜನ ಬಾಗಿಲಿಂದ ಬೀದಿಗೆ ತುಳುಕುತ್ತಿದ್ದರು. ಮೊಣಕಾಲು ನೋವಿನವಳು ಕಿಟಕಿಯ ಕಟ್ಟೆಯ ಮೇಲೆ ಹತ್ತಿ ನಿಂತು ಫೋಟೊ ತೆಗೆಯುತ್ತಿದ್ದಳು. ಬ್ಯಾಂಕಿನವನು ತನ್ನ ಬಾಲ್ಯದ ಪಬ್ಬಿನಲ್ಲಿ ಶೌಚಾಲಯ ಯಾವ ಕಡೆ ಎಂದು ನನ್ನನ್ನೇ ಕೇಳಿದ. ಒಬ್ಬ ಗೋಡೆಯ ಕೋಟು ಗೂಟವನ್ನು ತಿರುಪು ಬಿಚ್ಚಿ ಜೇಬಿಗೆ ಇಳಿಸಿದ. ಯಾಕಯ್ಯಾ ಎಂದರೆ, "ನೆನಪಿಗೆ ಇರ್ಲಿ ಬಿಡಿ ಸಾರ್!" ಎಂದು ಹಲ್ಲು ಕಿರಿದ. ಹೆಣದ ಬೆರಳಿನಿಂದ ಉಂಗುರ ಕಳಚುವವರು ಇವರಿಗಿಂತ ವಾಸಿ, ಅವರು ಅಳುತ್ತ ಕಳಚುವುದಿಲ್ಲ.

ಭಾವ ತಿಳಿಯಾಗಿಸಿಟ್ಟಿದ್ದದ್ದು ಒಂದೇ ಪೀಪಾಯಿ. ಹನ್ನೊಂದು ಜನಕ್ಕೆ ಅದೇ ಹೆಚ್ಚು. ಎರಡು ಗಂಟೆಗೆ ಅದು ಮುಗಿಯಿತು. ಜನ ಕೌಂಟರು ಬಡಿಯತೊಡಗಿದರು. ಮಾಲೀಕನ ಮಗ ಇದನ್ನು ಮೊದಲೇ ಊಹಿಸಿ ಬೆಳಿಗ್ಗೆ ಲಾರಿಯಲ್ಲಿ ಇನ್ನೂ ನಾಲ್ಕು ಪೀಪಾಯಿ ತರಿಸಿದ್ದ. ಅವು ಕೆಳಗೆ ಕೂತಿದ್ದವು, ಇನ್ನೂ ಕಲಕಿದ ಹೊಂಡದ ನೀರಿನ ಹಾಗೆ.

"ಅದನ್ನ ಬಿಚ್ಚಿ," ಎಂದ.

"ಅದು ನಾಡಿದ್ದಿಗೆ ಆಗುತ್ತೆ," ಎಂದರು ಭಾವ.

ಯಾರೋ ಕಿಸಕ್ಕನೆ ನಕ್ಕರು, ಇಡೀ ಪಬ್ಬು ಹೋ ಎಂದು ನಕ್ಕಿತು. "ನಾಡಿದ್ದು ಎಲ್ಲಿ ಕೊಡ್ತೀಯೋ ಪೀಪಾಯಿ, ರೋಡಲ್ಲಾ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಭಾವ ಮಾತ್ರ ಕೌಂಟರಿನ ನಲ್ಲಿಯ ಹಿಡಿಯ ಮೇಲೆ ಕೈ ಇಟ್ಟುಕೊಂಡು ಅಲ್ಲಾಡದೆ ನಿಂತಿದ್ದರು. ಮಾಲೀಕನ ಮಗ ತಾನೇ ಕೆಳಗಿಳಿದು ಸುತ್ತಿಗೆಯಿಂದ ಪೀಪಾಯಿಗೆ ನಲ್ಲಿ ಬಡಿದು ಬಂದು, ಭಾವನನ್ನು ಪಕ್ಕಕ್ಕೆ ಸರಿಸಿ, ಲೋಟ ತುಂಬಿ ಕೊಡತೊಡಗಿದ. ಬೂದುಬಣ್ಣದ ರಾಡಿ. ಲೋಟದ ಆಚೆ ಹಿಡಿದ ಬೆರಳು ಈಚೆ ಕಾಣುವುದಿಲ್ಲ. ಜನ ಮುಗಿಬಿದ್ದು ಕುಡಿದರು.

"ಆಹಾ! ಇದು ನೋಡ್ರಿ ಹಳೇ ಕಾಲದ ರುಚಿ!" ಎಂದ ಬ್ಯಾಂಕಿನವನು.

"ಇಂಥದ್ದು ಇನ್ನೆಲ್ಲಿ ಸಿಗುತ್ತೆ," ಎಂದರು ಮೇಷ್ಟ್ರು, ಮೀಸೆಯ ನೊರೆ ಒರೆಸಿಕೊಳ್ಳುತ್ತ. ಮೇಷ್ಟ್ರೂ!

ಯಾರೋ ನನ್ನ ಕೈಗೂ ಒಂದು ಲೋಟ ತುರುಕಿದರು. ಕುಡಿದೆ. ಬಾಯಿ ತುಂಬ ಹಸಿ ಹಿಟ್ಟು ಕದಡಿದ ಹಾಗಾಯಿತು. ಅಷ್ಟರಲ್ಲಿ ಭಾವ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಮುಂದೆ ನಿಂತರು. ಲೋಟ ನೋಡಲಿಲ್ಲ, ನನ್ನ ಮುಖ ನೋಡಿದರು.

"ನೀನು ಹೇಳೋ. ಹೇಗಿದೆ?"

ಸುತ್ತ ಹತ್ತು ಹದಿನೈದು ಮುಖಗಳು, ಎಲ್ಲ ನಗುಮುಖಗಳು. ಬ್ಯಾಂಕಿನವನು ನನ್ನ ಹೆಗಲ ಮೇಲೆ ಕೈ ಹಾಕಿದ್ದ. ಕೊನೆಯ ದಿನ ರಂಪ ಯಾಕೆ, ಭಾವನಿಗಾದರೂ ಸಮಾಧಾನವಾಗಲಿ ಎಂದುಕೊಂಡೆನೋ, ಅಥವಾ ನಾಲ್ಕು ಜನರ ಎದುರು ಕಾರಿ ಉಗಿಯುವ ಧೈರ್ಯ ಬರಲಿಲ್ಲವೋ.

"ಚೆನ್ನಾಗೇ ಇದೆ ಭಾವ," ಎಂದೆ.

ಅವರು ತಲೆಯಾಡಿಸಿದರು. ಸ್ವೆಟರ್ ಬಿಚ್ಚಿ ಕೌಂಟರಿನ ಮೇಲಿಟ್ಟು ಮಹಡಿ ಹತ್ತಿ ಹೋದರು. ಆರು ಗಂಟೆಗೆ ಬಾಗಿಲು ಮುಚ್ಚುವುದನ್ನು ನೋಡಲೂ ಇಳಿದು ಬರಲಿಲ್ಲ.

ಈಗ ಅಕ್ಕ ಭಾವ ನನ್ನ ಮನೆಯಲ್ಲೇ ಇದ್ದಾರೆ. ಭಾವ ಅಂಗಡಿಗೆ ಬಂದು ಗುಂಡಿ ಹಾಕಿಕೊಡುತ್ತಾರೆ. ಕೈ ಅಚ್ಚುಕಟ್ಟು. ಮೊನ್ನೆ ಒಂದು ಅಂಗಿಗೆ ಗುಂಡಿ ಹಾಕುತ್ತ, ತಲೆ ಎತ್ತದೆ ಕೇಳಿದರು, "ಅಲ್ವೋ, ನಿನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ, ಅಷ್ಟು ವರ್ಷ ನಾನು ಚೆಲ್ಲಿದ್ದು ಯಾರಿಗೋಸ್ಕರ?"

ಯಂತ್ರ ನಿಲ್ಲಿಸಿದೆ. "ಗೊತ್ತಾಗಿತ್ತು ಭಾವ. ಬಾಯಿಗೆ ಇಡೋ ಹಾಗಿರ್ಲಿಲ್ಲ ಅದು. ನಿಮ್ಮಾಣೆ."

"ಹೋಗ್ಲಿ ಬಿಡು," ಎಂದರು ಭಾವ, ದಾರ ಕಡಿದು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."