ಕೆಸುವನ್ನು ನುಂಗಿದ ಹಳದಿ ಹೂವು

ಟಿಟ್ವಾಳಾದ ಆ ಹೌಸಿಂಗ್ ಸೊಸೈಟಿಯಲ್ಲಿ ಅಕ್ಕುವಿನ ಬಾಯಿಗೆ ಹೆದರದವರಿಲ್ಲ. ಕಾರ್ಕಳದ ಕಡೆಯಿಂದ ಮದುವೆಯಾಗಿ ಕಲ್ಯಾಣದ ಚಾಳಿಗೆ ಬಂದವಳು. ಗಂಡ ಹೋಟೆಲಿನ ಭಟ್ಟಿಯ ಮುಂದೆ ಬೆಂದ, ಇವಳು ಚಾಳಿನ ನಲ್ಲಿಯ ಮುಂದೆ. ನೀರು ಬಾರದ ದಿನ ಖಾಲಿ ಹಂಡೆ ಉರುಳಿಸಿ ರಸ್ತೆಗೆ ಅಡ್ಡ ಕೂತವಳು. ಗಂಡ ತೀರಿಹೋದ ಮೇಲೆ ಮಗಳ ಜೊತೆ ಟಿಟ್ವಾಳಾದ ಅಗ್ಗದ ಫ್ಲ್ಯಾಟಿಗೆ ಬಂದಳು. ಅಲ್ಲಿ ಅವಳದೆಂದು ಇದ್ದದ್ದು ಒಂದೇ: ಕಾಂಪೌಂಡಿನ ಹಿಂದಿನ ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟುವ ಕೆಸು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಎಲೆ ಕೊಯ್ದು, ಪತ್ರೊಡೆ ಬೇಯಿಸಿ ಡೊಂಬಿವಲಿಯಲ್ಲಿರುವ ತನ್ನ ಊರ ಕಡೆಯವರ ಮನೆಗಳಿಗೆ ಮಾರುತ್ತಾಳೆ. ಆ ಒಂದು ತಿಂಗಳು ಅವಳು ಯಾರ ಮುಂದೆಯೂ ಕೈ ಚಾಚುವುದಿಲ್ಲ, ಮಗಳ ಮುಂದೆಯೂ.

ಈ ಆಟಿಯಲ್ಲಿ ಕತ್ತಿ ಹಿಡಿದು ಹೋದರೆ ಕೆಸುವೇ ಇಲ್ಲ. ದಂಡೆಯುದ್ದಕ್ಕೂ ಹಳದಿ ಹೂವಿನ ಬಳ್ಳಿ ಹಾಸಿಕೊಂಡಿತ್ತು. ಅಡಿಯಲ್ಲಿ ಕೆಸುವಿನ ಮೊಳಕೆಗಳು ಬೆಳಕು ಕಾಣದೆ ಬಿಳಚಿ ಸತ್ತಿದ್ದವು.

ಆ ಬಳ್ಳಿ ಗೇಟಿನ ಪಕ್ಕ ಚಂದಕ್ಕೆಂದು ಸೊಸೈಟಿ ನೆಡಿಸಿದ್ದು. ನರ್ಸರಿಯವರು ವೆಡೇಲಿಯಾ ಅನ್ನುತ್ತಾರೆ. ಅದಕ್ಕೆ ಬೀಜ ಬೇಡ, ತುಂಡು ಬಿದ್ದಲ್ಲಿ ಗಿಣ್ಣಿನಿಂದಲೇ ಬೇರು ಬಿಡುತ್ತದೆ. ತೋಟದ ಮಾಳಿ ಕತ್ತರಿಸಿದ್ದನ್ನೆಲ್ಲ ಟೆಂಪೋ ತುಂಬಿ ಹಳ್ಳಕ್ಕೇ ಸುರಿಯುತ್ತಿದ್ದ.

ಸೊಸೈಟಿಯ ಸೆಕ್ರೆಟರಿ ಮುರಾರಿ, ಉಡುಪಿಯವನು. ಅಕ್ಕು ಅವನನ್ನು ಲಿಫ್ಟಿನ ಬಾಗಿಲಲ್ಲೇ ಹಿಡಿದಳು.

"ಏನು ಸೆಕ್ರೆಟರಿಯವರೇ, ಹಳ್ಳ ಅಂದ್ರೆ ನಿಮ್ಮಪ್ಪನ ಕಚರಾ ಡಬ್ಬಿಯಾ?"

"ಗ್ರೀನರಿ ಅಲ್ವಾ ಅಕ್ಕ? ಚಂದ ಹೂ ಬಿಟ್ಟಿದೆ."

"ಹೌದಾ? ಹಾಗಾದ್ರೆ ನಾಳೆ ಅದರದ್ದೇ ಪತ್ರೊಡೆ ಮಾಡಿ ಕಳಿಸ್ತೇನೆ, ನೀವೇ ತಿನ್ನಿ."

ಭಾನುವಾರ ಅವಳು ಮಗಳು ದಿಶಾಳನ್ನು ಎಳೆದುಕೊಂಡು ಕೆಸರಿಗಿಳಿದಳು. ಮುರಾರಿ ದಂಡೆಯ ಮೇಲೆ ಕೊಡೆ ಹಿಡಿದು ನೋಡುತ್ತ ನಿಂತ. ಕಿತ್ತ ಬಳ್ಳಿಯ ಗೊಂಚಲೊಂದನ್ನು ದಿಶಾ ಎತ್ತಿ ಹಿಡಿದಳು. "ಮಮ್ಮಿ, ಯೇ ತೋ ಅಪನಾ ಹೈ!"

ನಮ್ಮದೇ ಎಂದು ಅವಳು ತೋರಿಸಿದ ಗೊಂಚಲಿಗೆ ಪತ್ರೊಡೆ ಪಾರ್ಸೆಲಿಗೆ ಕಟ್ಟುವ ಕೆಂಪು ಪ್ಲಾಸ್ಟಿಕ್ ದಾರದ ಗಂಟಿತ್ತು. ಗಂಟಿನ ಸುತ್ತ ಬೇರು. ಅಕ್ಕುವೇ ಹಾಕಿದ ಗಂಟು. ಹೋದ ವರ್ಷ, ಆಟಿ ಕಳೆದು ಬರುವ ಸೋಣ ತಿಂಗಳ ಹೊಸ್ತಿಲ ಪೂಜೆಗೆ ಊರಿನ ಕಾಡುಹೂ ಇಲ್ಲೆಲ್ಲಿ ಸಿಗಬೇಕು? ಗೇಟಿನ ಹಳದಿ ಹೂವನ್ನೇ ಬಳ್ಳಿಸಮೇತ ಕಿತ್ತು, ಕಟ್ಟಿ, ಹೊಸ್ತಿಲಿಗಿಟ್ಟಿದ್ದಳು. ದೇವರ ಹೂವನ್ನು ಯಾರೂ ತುಳಿಯಬಾರದೆಂದು ಮರುದಿನ ಹರಿಯುವ ನೀರಿಗೆ ಬಿಟ್ಟಿದ್ದಳು. ಹೀಗೆ ತಿಂಗಳಿಡೀ. ಬಿಲ್ಡಿಂಗಿನ ಹೆಂಗಸರಿಗೂ ಅವಳೇ ಕಲಿಸಿದ್ದಳು.

ಮುರಾರಿ ಹೊಟ್ಟೆ ಹಿಡಿದು ನಕ್ಕ. "ಈಗ ಯಾರನ್ನು ಬಯ್ತೀರಿ ಅಕ್ಕ?"

ಅಕ್ಕುವಿನ ಮುಖ ಕೆಂಪೇರಿತು. "ನನ್ನನ್ನೇ ಬಯ್ಕೊಳ್ತೇನೆ, ನಿಮ್ಮ ಪರ್ಮಿಶನ್ ಬೇಡ. ನಾನು ಬಿಟ್ಟದ್ದು ಮುಷ್ಟಿಯಷ್ಟು, ಅದನ್ನು ನಾನು ಕೀಳ್ತೇನೆ. ನೀವು ಸುರಿದದ್ದು ಟೆಂಪೋದಷ್ಟು. ಅದನ್ನು ಯಾರು ಕೀಳೋದು, ನಿಮ್ಮ ಹೆಂಡತಿಯಾ?"

ಅಷ್ಟರಲ್ಲಿ ಟೆಂಪೋ ಬಂತು, ಹೊಸ ಲೋಡಿನೊಂದಿಗೆ. ಅಕ್ಕು ಕೆಸರು ಕಾಲಲ್ಲೇ ದಂಡೆ ಹತ್ತಿ ಅದರ ಮುಂದೆ ಕೂತಳು. ಡ್ರೈವರ್ ಹಾರ್ನ್ ಹೊಡೆದ, ಬೈದ. ಅವಳು ಅಲುಗಲಿಲ್ಲ. ಹೊಸ್ತಿಲಿಗೆ ಹೂ ಇಟ್ಟ ಹೆಂಗಸರು ಒಬ್ಬೊಬ್ಬರಾಗಿ ಇಳಿದು ಬಂದರು, ಕೆಲವರು ಅವಳನ್ನೇ ಶಪಿಸುತ್ತ. ಕೊನೆಗೆ ಎಲ್ಲರೂ ಸೇರಿ ಕಿತ್ತ ಬಳ್ಳಿಯನ್ನೂ ಟೆಂಪೋದ ಲೋಡನ್ನೂ ಗೋಣಿಗಳಲ್ಲಿ ತುಂಬಿ, ಬಾಯಿ ಹೊಲಿದು, ಮುರಾರಿಯ ಕಾರಿನ ಜಾಗದಲ್ಲೇ ಕೊಳೆಯಲು ಬಿಟ್ಟರು.

ಈ ವರ್ಷ ಪತ್ರೊಡೆ ಇಲ್ಲ. ಪೇಟೆಯ ಎಲೆ ತಂದಾದರೂ ಮಾಡಿ ಎಂದವರಿಗೆ ಅಕ್ಕು ಫೋನಿನಲ್ಲೇ ಬೈದಳು. ಒಳಗೆ ಅವಳಿಗೆ ಬೇರೆಯೇ ಭಯ: ನೀರು ತುಂಡನ್ನು ಇನ್ನೆಲ್ಲಿಗೆ ಒಯ್ದಿರಬಹುದು? ಹಳ್ಳದ ಜೊತೆಗೇ ಕೆಳಗೆ ನಡೆದಳು. ಕಾಳು ನದಿಗೆ ಸೇರುವ ಮುಂಚೆ ನೀರು ನಿಧಾನವಾಗುವ ತಿರುವಿನಲ್ಲಿ, ಯಾರದೋ ಹೊಲದ ಸೋರೆಯ ಚಪ್ಪರದ ಬುಡದಲ್ಲಿ, ನಾಲ್ಕು ಹಸಿ ಎಲೆ, ಒಂದು ಹಳದಿ ಹೂ. ಅದರಾಚೆ ಇನ್ನೂ ಕೆಸು ನಿಂತಿತ್ತು.

ಹೊಲದ ಹೆಂಗಸು ಕೀಳಬೇಡ, ಇರಲಿ ಬಿಡು ಎಂದು ಓಡಿ ಬಂದಳು. "ರಾಹೂ ದೇ ನಾ ತಾಈ, ಛಾನ್ ಫೂಲ್ ಆಹೇ!"

"ಛಾನ್ ಅಂತೆ, ಚಂದ ಅಂತೆ!" ಎಂದು ಅಕ್ಕು ಮೊಣಕಾಲೂರಿ, ಬೇರಿನ ಕೆಳಗೆ ಬೆರಳು ತೂರಿಸಿದಳು.