ಪಕ್ಕದ ಮಂಚದ ರೋಗಿ

ಮೊನ್ನೆ ಇಂಜೆಕ್ಷನ್ ಮಾಡಿಸಿಕೊಳ್ಳಲು ಹೋಗಿದ್ದೆ. ನರ್ಸಮ್ಮ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದ್ದೇ ತಡ, ನನಗೆ ನಗು ಬಂದುಬಿಟ್ಟಿತು. ಸೂಜಿ ಕಂಡು ನಗುವ ಗಿರಾಕಿಯನ್ನು ಆಕೆ ಮೊದಲ ಸಲ ನೋಡಿರಬೇಕು. ಆಕೆಗೇನು ಗೊತ್ತು ಹೇಳಿ, ಆ ವಾಸನೆಗೆ ನನಗೆ ರೋಗ ನೆನಪಾಗುವುದಿಲ್ಲ, ನಾಟಕ ನೆನಪಾಗುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಏಳೆಂಟು ಜನ ಸೇರಿ ಹವ್ಯಾಸಿ ತಂಡ ಕಟ್ಟಿದ್ದೆವು. ರಾಣೆಬೆನ್ನೂರಿನ ಏಕಾಂಕ ಸ್ಪರ್ಧೆಗೆಂದು ಹಿರೇಮಠ ಮಾಸ್ತರರು ಇಪ್ಪತ್ತು ನಿಮಿಷದ ಆಸ್ಪತ್ರೆ ನಾಟಕವೊಂದನ್ನು ಬರೆದರು. ತಾಯಿ ಸಾಯುತ್ತಿದ್ದಾಳೆ, ಮಗ ತಡವಾಗಿ ಬರುತ್ತಾನೆ, ಮಂಚದ ಪಕ್ಕ ನಿಂತು ಅಳುತ್ತಾನೆ. ಇಷ್ಟೇ ಕಥೆ. ಮಗನ ಪಾತ್ರ ನನಗೇ ಬರುತ್ತದೆಂದು ಕನ್ನಡಿಯ ಮುಂದೆ ಅತ್ತು ಅತ್ತು ತಯಾರಾಗಿದ್ದೆ. ಮಾಸ್ತರರು ನನ್ನ ಕಡ್ಡಿ ಮೈಯನ್ನು ಮೇಲಿಂದ ಕೆಳಗೆ ನೋಡಿ ಪಕ್ಕದ ಮಂಚದ ರೋಗಿಯ ಪಾತ್ರ ಕೊಟ್ಟರು. ಮಾತಿಲ್ಲ. ಕೆಮ್ಮು ಮಾತ್ರ, ಅದೂ ಎರಡೇ ಸಲ.

ಸಾಯುವ ತಾಯಿಯಾಗಿ ಮಲಗಲು ಊರಿನ ಯಾವ ಹೆಣ್ಣುಮಗಳೂ ಒಪ್ಪಲಿಲ್ಲ. ಮನೆಯಲ್ಲೇ ಕೇಳಿ ನೋಡಿದ ಮಾಸ್ತರರ ಜೊತೆ ಅವರ ಹೆಂಡತಿ ಎರಡು ದಿನ ಮಾತು ಬಿಟ್ಟರಂತೆ. ಕೊನೆಗೆ ಕಂಬಳಿಯೊಳಗೆ ಒರಗಿ ಕೂರುವ ಒಂದು ಲೋಡು ಮಲಗಿಸಿದೆವು.

ಮಗನ ಪಾತ್ರ ಮೌಲಾಸಾಬನಿಗೆ ಹೋಯಿತು. ಕರ್ಜಗಿಯವನು, ನಮ್ಮದೇ ಅಂಗಡಿಯಲ್ಲಿ ಚೀಲ ತೂಗುತ್ತಿದ್ದ, ನನ್ನ ಜೀವದ ಗೆಳೆಯ. ಹಿಂದಿನ ವರ್ಷ ಅವನ ತಂದೆ ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಜೋರಾಗಿದೆ ಎಂದು ಸುದ್ದಿ ಬಂದರೂ ಸುಗ್ಗಿಯ ಗದ್ದಲದಲ್ಲಿ ಇವನು ಹೊರಟದ್ದೇ ಮರುದಿನ. ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಮನೆಯವರು ಯಾರೂ ಬಳಿ ಇರದ ಕೊನೆಗಳಿಗೆಯಲ್ಲಿ ಪಕ್ಕದ ಮಂಚದವನ್ಯಾರೋ ನೀರು ಕುಡಿಸಿದ್ದನಂತೆ. ಅವನೂ ಅಷ್ಟರಲ್ಲಿ ಗುಣವಾಗಿ ತನ್ನೂರಿಗೆ ಹೋಗಿದ್ದ, ಯಾವ ಊರೆಂದೂ ತಿಳಿಯಲಿಲ್ಲ. ಅಪ್ಪ ಏನಾದರೂ ಅಂದನೇ, ತನ್ನ ಮೇಲೆ ಸಿಟ್ಟಾಗಿಯೇ ಹೋದನೇ ಎಂದು ಕೇಳಲು ಆ ಒಬ್ಬ ಮನುಷ್ಯ ಬೇಕಿತ್ತು. ಅದೊಂದು ಮುಳ್ಳು ಮೌಲಾಸಾಬನ ಎದೆಯಲ್ಲಿ ಉಳಿದುಬಿಟ್ಟಿತ್ತು. ಮಣ್ಣು ಕೊಡುವಾಗಲೂ ಅವನು ಅಳಲಿಲ್ಲ. ನಾಟಕದಲ್ಲಾದರೂ ಅತ್ತು ಹಗುರಾಗಲಿ ಎಂದು ಮಾಸ್ತರರ ಆಸೆ.

ತಾಲೀಮಿನಲ್ಲಿ ಅವನು ಲೋಡಿನ ಮುಂದೆ ನಿಂತು, ಚೀಲದ ತೂಕ ಕೂಗುವ ದನಿಯಲ್ಲೇ ಅವ್ವಾ ಎನ್ನುತ್ತಿದ್ದ. ಕರವಸ್ತ್ರಕ್ಕೆ ಖಾರದ ಪುಡಿ ಸವರಿ ಕೊಟ್ಟೆವು. ನಮ್ಮ ಬ್ಯಾಡಗಿ ಕಾಯಿಯ ಗುಣ ನಿಮಗೆ ಗೊತ್ತಲ್ಲ, ಬಣ್ಣ ಹೆಚ್ಚು, ಖಾರ ಕಡಿಮೆ. ಮೇಲಾಗಿ ಅವನ ಕಣ್ಣು ಆ ಧೂಳಿನಲ್ಲೇ ಪಳಗಿದ್ದು. ಮೂಗು ಕೆಂಪಾಯಿತು, ಅಷ್ಟೆ. ಡಾಕ್ಟರ ಪಾತ್ರದವನು ಮಾತ್ರ ದೂರದಲ್ಲಿ ನಿಂತೇ ಸೀನಿ ಸೀನಿ ಸುಸ್ತಾದ.

ಸ್ಪರ್ಧೆಯ ಮಧ್ಯಾಹ್ನ ಶಾಲೆಯ ಸಭಾಭವನ ಕಿಕ್ಕಿರಿದಿತ್ತು. ನಿಜವಾದ ಆಸ್ಪತ್ರೆ ಅನ್ನಿಸಲೆಂದು ಮಾಸ್ತರರು ರಂಗದ ತುಂಬ ಸ್ಪಿರಿಟ್ ಚಿಮುಕಿಸಿದ್ದರು. ಮೌಲಾಸಾಬ ತಾಯಿಗೆಂದು ಮೋಸಂಬಿ ಹಿಡಿದು ಬಂದ, ಲೋಡಿನ ಮುಂದೆ ನಿಂತ, ಮಾತು ಮರೆತ. ಗೆಳೆಯನ ನೆರವಿಗೆಂದು ನಾನು ಒಂದು ಕೆಮ್ಮು ಖರ್ಚು ಮಾಡಿದೆ. ಅವನು ಹೊರಳಿ ನನ್ನನ್ನು ನೋಡಿದ.

ನಮ್ಮ ಕಡೆಯ ರೂಢಿಯೇ ಹಾಗೆ. ಆಸ್ಪತ್ರೆಗೆ ಹೋದವರು ತಮ್ಮವರನ್ನಷ್ಟೇ ನೋಡಿ ಬರುವುದಿಲ್ಲ. ಪಕ್ಕದ ಮಂಚದವರನ್ನೂ ಯಾವೂರು, ಏನಾಗಿದೆ ಎಂದು ಮಾತಾಡಿಸಿ, ತಂದದ್ದರಲ್ಲಿ ಒಂದು ಪಾಲು ಅವರಿಗೂ ಕೊಟ್ಟೇ ಏಳುತ್ತಾರೆ. ಲೋಡಿಗಿಂತ ಉಸಿರಾಡುವ ರೋಗಿ ವಾಸಿ ಅನ್ನಿಸಿತೋ ಏನೋ, ಅವನು ಮೋಸಂಬಿಯನ್ನು ನನ್ನ ದಿಂಬಿನ ಬಳಿ ಇಟ್ಟು ಮಂಚದ ಅಂಚಿಗೆ ಕುಳಿತ. ಇದು ನಾಟಕದಲ್ಲಿ ಇರಲೇ ಇಲ್ಲ.

“ನಮ್ಮಪ್ಪಗ ನೀರ ಕುಡಿಸಿದವರು ನೀವ ಏನ್ರಿ?”

ಪರದೆಯ ಹಿಂದಿನಿಂದ ಮಾಸ್ತರರು, ಅಪ್ಪ ಅಲ್ಲೋ ಅವ್ವ ಎಂದು ಪಿಸುಗುಡುತ್ತಿದ್ದರು. ನನಗೋ ಕೆಮ್ಮಿನ ಹೊರತು ಬೇರೆ ಪಾಠವಿಲ್ಲ. ಆದರೂ ಬಾಯಿ ತಾನಾಗಿ ತೆರೆಯಿತು.

“ಹೌದ ತಮ್ಮಾ, ನಾನ. ಎರಡು ಗುಟುಕು ಕುಡದ್ರು. ನನ್ನ ಮಗಾ ಹಾದಿ ಮ್ಯಾಲ ಅದಾನ, ಬರ್ತಾನ ಅಂದ್ರು. ನಿನ್ನ ಮ್ಯಾಲ ಸಿಟ್ಟಿರಲಿಲ್ಲ.”

ಮೌಲಾಸಾಬ ನನ್ನ ಎದೆಗೆ ಮುಖ ಒತ್ತಿ ಅತ್ತ. ಒಂದು ವರ್ಷದಿಂದ ತಡೆದಿಟ್ಟ ಅಳು. ನನ್ನ ಅಂಗಿಯೆಲ್ಲ ತೊಯ್ದುಹೋಯಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಹುಮಾನ ಮಾತ್ರ ಬರಲಿಲ್ಲ. ತಾಯಿಯನ್ನು ನೋಡಲು ಬಂದ ಮಗ ಅಪ್ಪನಿಗಾಗಿ ಯಾಕೆ ಅತ್ತ ಎನ್ನುವುದು ನಿರ್ಣಾಯಕರಿಗೆ ಕೊನೆಗೂ ಬಗೆಹರಿಯಲಿಲ್ಲವಂತೆ. ಬಸ್ಸಿನಲ್ಲಿ ಬ್ಯಾಡಗಿ ಬರುವವರೆಗೆ ಮಾಸ್ತರರು ನನ್ನನ್ನು ಬೈದರು. ಮೌಲಾಸಾಬ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ.

ಇಷ್ಟು ವರ್ಷವೂ ಇದನ್ನು ನನ್ನ ನಟನೆಯ ಪರಾಕ್ರಮವೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೇನೆ. ಮೊನ್ನೆ ಮನೆಗೆ ಬಂದವನೇ ಮೌಲಾಸಾಬನಿಗೆ ಫೋನ್ ಮಾಡಿದೆ. ಮಾಸ್ತರರನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ, ಅವತ್ತು ನಾನು ಹೇಳಿದ್ದೆಲ್ಲ ಬಾಯಿಗೆ ಬಂದದ್ದು, ನಿನಗೆ ಗೊತ್ತಿತ್ತಲ್ಲ ಎಂದು ಕೇಳಿದೆ.

“ಗೊತ್ತಿತ್ತೋ. ಆದ್ರ ಮನಿಗೆ ಹೋಗಿ ನಮ್ಮವ್ವಗ ಅದನ್ನ ಹೇಳಿದ್ನಿ. ಸಾಯೂತನಕ ಆಕಿ ಅದನ್ನ ಖರೇ ಅಂತ ನಂಬಿದ್ಲು.”

ನನಗೆ ಕಣ್ಣು ತುಂಬಿ ಬಂತು. ಅದನ್ನಿನ್ನು ನಾನು ನಟನೆ ಎಂದು ಹೇಳಿಕೊಳ್ಳಲಾರೆ.